ಅಳಿಯನ ಡ್ರಮ್ಮು ಮುಂದೆ, ದಿಬ್ಬಣ ಹಿಂದೆ

ಬೆಸಗರಹಳ್ಳಿಯ ನನ್ನ ಮಾವ ಮರಿಸಿದ್ದಯ್ಯನವರ ಬಾಯಿಂದ ‘ಭೇಷ್’ ಅನ್ನಿಸದೆ ಹೋದರೆ ನನ್ನ ಹೆಸರು ಚಿಕ್ಕಮಾದುವೇ ಅಲ್ಲ! ಇಬ್ಬರು ನಾದಿನಿಯರಲ್ಲಿ ದೊಡ್ಡವಳ ಮದುವೆ ಗೊತ್ತಾದ ದಿನ ನಾನು ಮಾಡಿದ ಶಪಥ ಇದು. ಭೀಷ್ಮ ಗಂಗೆಯ ಮಗ. ನಾನು ಮದ್ದೂರಿನ ಬಾಬು ಜಾನ್ ಬ್ಯಾಂಡ್ ಸೆಟ್ಟಿನ ದೊಡ್ಡ ಡ್ರಮ್ಮಿನವನು. ಶಪಥದ ಮಟ್ಟಿಗೆ ಇಬ್ಬರಲ್ಲಿ ಅಂಥ ವ್ಯತ್ಯಾಸವೇನಿರಲಿಲ್ಲ.

ಮಾವನವರಿಗೆ ನನ್ನ ಮೇಲೆ ಕೋಪವಿದ್ದಿದ್ದರೆ ವಾಸಿಯಿತ್ತು. ಅವರಿಗಿದ್ದದ್ದು ನಾಚಿಕೆ. ನೇಗಿಲು ಹಿಡಿಯುವ ಹುಡುಗನೆಂದು ಹಿರಿಮಗಳನ್ನು ಕೊಟ್ಟರೆ, ಅವನು ನೇಗಿಲು ಬಿಟ್ಟು ಡ್ರಮ್ಮಿನ ಕೋಲು ಹಿಡಿದ! ‘ನಿಮ್ಮ ಅಳಿಯ ಏನು ಮಾಡ್ತಾರೆ’ ಎಂದು ಯಾರಾದರೂ ಕೇಳಿದರೆ, ‘ಮದ್ದೂರಲ್ಲವ್ರೆ’ ಎಂದು ಊರಿನ ಹೆಸರು ಹೇಳಿ ಮಾತು ಮುಗಿಸುತ್ತಿದ್ದರು. ಮದ್ದೂರಿನಲ್ಲಿರುವುದೇ ಒಂದು ಉದ್ಯೋಗ ಎನ್ನುವಂತೆ! ಇದರಿಂದ ನನಗಿಂತ ಹೆಚ್ಚು ನೊಂದವಳು ನನ್ನ ಹೆಂಡತಿ ಅಂಕಮ್ಮ. ತವರಿಗೆ ಹೋದಾಗ ನನ್ನ ಪರವಾಗಿ ಅಪ್ಪನೊಡನೆ ಜಗಳವಾಡುತ್ತಿದ್ದಳು. ಮನೆಗೆ ಬಂದ ಮೇಲೆ ಅಪ್ಪನ ಪರವಾಗಿ ನನ್ನೊಡನೆ.

ಆದರೆ ಸ್ವಾಮಿ, ಆ ಡ್ರಮ್ಮೆಂದರೆ ಎಂಥ ಡ್ರಮ್ಮು! ಯುದ್ಧ ಮುಗಿದ ಮೇಲೆ ಬೆಂಗಳೂರಿನ ದಂಡಿನಲ್ಲಿ ಮಿಲಿಟರಿ ಸಾಮಾನು ಹರಾಜಾದಾಗ ಬಾಬು ಜಾನ್ ಸಾಹೇಬರು ಹಿಡಿದು, ಬಸ್ಸಿನ ಮೇಲೆ ಹೇರಿಸಿಕೊಂಡು ಬಂದದ್ದು. ಎರಡು ಕಡೆಗೂ ಬಿಗಿದ ಚರ್ಮ, ಸುತ್ತ ಹಗ್ಗದ ಹೆಣಿಗೆ, ಬಾರಿಸಲು ಉಣ್ಣೆ ಸುತ್ತಿದ ಕೋಲುಗಳು. ಒಂದು ಪೆಟ್ಟು ಬಿದ್ದರೆ ಶಿಂಷಾ ಹೊಳೆಯ ಆಚೆ ದನ ಮೇಯಿಸುತ್ತಿದ್ದವರು ತಿರುಗಿ ನೋಡುತ್ತಿದ್ದರು. ಅದನ್ನು ಮೊದಲು ಬಾರಿಸುತ್ತಿದ್ದ ಸೋಲ್ಜರು ಆರಡಿ ಮೀರಿದ ಆಳಾಗಿದ್ದಿರಬೇಕು. ನಾನು ಮೀರಿರಲಿಲ್ಲ. ಮೀರುವುದಿರಲಿ, ಹತ್ತಿರಕ್ಕೂ ಹೋಗಿರಲಿಲ್ಲ.

ಸಾಹೇಬರ ಸೈಕಲ್ ರಿಪೇರಿ ಅಂಗಡಿಯಲ್ಲಿ ಜಾಗವಿಲ್ಲದೆ ಡ್ರಮ್ಮು ನಮ್ಮ ಒಂಟಿ ಕೋಣೆಯ ಮನೆಗೆ ಬಂತು. ಬಂದದ್ದೇ ಮನೆಯ ಯಜಮಾನನಾಯಿತು. ಥಂಡಿಗೆ ಚರ್ಮ ಸಡಿಲವಾಗುತ್ತದೆಂದು ಬೆಳಗಿನ ಬಿಸಿಲು ಅದಕ್ಕೇ ಮೀಸಲು. ಒಂದು ದಿನ ಅಂಗಳದಲ್ಲಿ ಸಂಡಿಗೆಯೂ ಡ್ರಮ್ಮೂ ಒಟ್ಟಿಗೆ ಒಣಗುತ್ತಿದ್ದಾಗ ದಪ್ಪ ಹನಿ ಬಿತ್ತು. ನಾನು ಓಡಿಹೋಗಿ ಯಾವುದನ್ನು ಒಳಗೆ ತಂದೆನೆಂದು ಹೇಳಬೇಕಾಗಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಸಂಡಿಗೆಯ ಮಾತೆತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ಮದುವೆಗೆ ನಮ್ಮ ಸೆಟ್ಟನ್ನೇ ಗೊತ್ತುಮಾಡಲು ಅಂಕಮ್ಮ ಅಪ್ಪನನ್ನು ಹೇಗೋ ಒಪ್ಪಿಸಿದಳು. ಮಾವನವರು ಒಂದೇ ಷರತ್ತು ಹಾಕಿದರು: ಬ್ಯಾಂಡು ಬರಲಿ, ಆದರೆ ಅಳಿಯಂದಿರು ರುಮಾಲು ಸುತ್ತಿ ಚಪ್ಪರದಲ್ಲಿ ಕೂತಿರಲಿ. ಕೂರುವುದೇ? ನಾನೇ? ಗಂಡಿನ ದಿಬ್ಬಣವನ್ನು ಊರ ಬಾಗಿಲಿನಿಂದ ಚಪ್ಪರದವರೆಗೆ ನಾನೇ ಕರೆತರುತ್ತೇನೆ. ಅದೂ ಎಂದಿನಂತೆ ಬ್ಯಾಂಡಿನ ಹಿಂದಲ್ಲ, ಎಲ್ಲರಿಗಿಂತ ಮುಂದೆ ಎಂದೆ. ಅಂಕಮ್ಮ ನನ್ನನ್ನೂ ಡ್ರಮ್ಮನ್ನೂ ಒಮ್ಮೆ ಅಳೆದು ನೋಡಿದಳು.

“ಅದ ಎದೆಗೆ ಕಟ್ಕಂಡ್ರೆ ನಿಮ್ಗೆ ಮುಂದ್ಲು ದಾರಿ ಕಾಣಾಕಿಲ್ಲ. ಸುಮ್ಕೆ ಸಾಬ್ರ ಹಿಂದ್ಗುಟ್ಲೇ ನಡೀರಿ.”

“ಮಾವನ ಮನೆ ದಾರಿ ಕಣ್ಮುಚ್ಕಂಡು ಓಯ್ತೀನಿ ಬುಡು” ಎಂದೆ.

ಮದುವೆಯ ಬೆಳಿಗ್ಗೆ ಕೆಂಪು ಕೋಟು ತೊಟ್ಟು, ಹಿತ್ತಾಳೆ ಗುಂಡಿ ಹುಣಸೆಹಣ್ಣಿನಲ್ಲಿ ಬೆಳಗಿ, ಹಗ್ಗ ಬಿಗಿದು ನಿಂತೆ. ದಿಬ್ಬಣ ಊರ ಬಾಗಿಲಿಗೆ ಬಂತು. ಮದುಮಗ ಪುಟ್ಟರಾಜು ಗೆಜ್ಜಲಗೆರೆಯವನು. ಬಾಸಿಂಗ, ಹೂವಿನ ಸರಗಳ ನಡುವೆ ಅವನ ಮೂಗಷ್ಟೇ ಕಾಣುತ್ತಿತ್ತು. ನಾನು ಮೊದಲ ಪೆಟ್ಟು ಹಾಕಿದೆ. ಅರಳೀಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು!

ನಿಜ ಹೇಳಬೇಕೆಂದರೆ ನನಗೆ ಮುಂದೆ ಕಾಣುತ್ತಿದ್ದದ್ದು ಡ್ರಮ್ಮಿನ ಮರ, ಅದರ ಮೇಲೆ ಆಕಾಶ. ಓರೆಗಣ್ಣಿಗೆ ಎರಡೂ ಕಡೆಯ ಮನೆಗಳ ಸೂರು. ಅಷ್ಟು ಸಾಕಿತ್ತು. ಆದರೆ ನೇರ ದಾರಿ ತೀರ ಹತ್ತಿರದ್ದು. ನನ್ನನ್ನು ಆಡಿಕೊಂಡವರ ಮನೆಗಳಿದ್ದದ್ದು ಮೇಲಿನ ಬೀದಿಯಲ್ಲಿ. ಅವರ ಕಿವಿಯೂ ಪಾವನವಾಗಲೆಂದು ದಿಬ್ಬಣವನ್ನು ಅತ್ತ ತಿರುಗಿಸಿದೆ. ಬ್ಯಾಂಡಿನವರು ನನ್ನ ಹಿಂದೆಯೇ ತಿರುಗಿದರು. ಮನೆಯ ಅಳಿಯನಿಗೆ ದಾರಿ ಗೊತ್ತಿಲ್ಲದೆ ಇರುತ್ತದೆಯೇ? ಅವರನ್ನು ನೋಡಿ ದಿಬ್ಬಣವೂ ತಿರುಗಿತು.

ಹಿಂದಿನಿಂದ ಯಾರೋ ಕೂಗುತ್ತಿದ್ದರು. ಯಾರೋ ಕೋಟು ಹಿಡಿದು ಜಗ್ಗುತ್ತಿದ್ದರು. ಜನ ನನ್ನನ್ನು ಮುಟ್ಟಿ ಸಂತೋಷಪಡುತ್ತಿದ್ದಾರೆಂದು ನನ್ನ ಕೈ ಇನ್ನೂ ರಂಗೇರಿತು. ಆಮೇಲೆ ತಿಳಿಯಿತು, ಜಗ್ಗುತ್ತಿದ್ದವಳು ಅಂಕಮ್ಮ! ಆ ಬಡಿತದಲ್ಲಿ ಅವಳ ಮಾತು ಕೇಳಿಸುವುದು ಹೇಗೆ? ಅಷ್ಟರಲ್ಲಿ ಎಡಗಡೆ ಬಾಳೆಕಂದು ಕಾಣಿಸಿತು, ಮಾವಿನೆಲೆಯ ತೋರಣ ಕಾಣಿಸಿತು. ನುಗ್ಗಿದೆ!

ಹೆಂಗಸರು ಆರತಿ ಎತ್ತಿದರು. ಪುಟ್ಟರಾಜುವಿನ ಕಾಲು ತೊಳೆದರು. ಬೆಲ್ಲದ ಪಾನಕ ಕೊಟ್ಟರು. ನಾನು ಕೊನೆಯ ಪೆಟ್ಟು ಹಾಕಿ, ಮಾವನವರ ಮುಖ ನೋಡೋಣವೆಂದು ಡ್ರಮ್ಮು ಇಳಿಸಿದೆ. ಎದುರಿಗೆ ಲಿಂಗಯ್ಯನವರು ನಿಂತಿದ್ದರು.

ನಾಲೆ ನೀರಿನ ಸರದಿಗಾಗಿ ಮಾವನವರೊಡನೆ ಬಡಿದಾಡಿ, ವರ್ಷಗಳಿಂದ ಮಾತು ಬಿಟ್ಟಿದ್ದ ಲಿಂಗಯ್ಯ! ಅದೇ ಮುಹೂರ್ತಕ್ಕೆ ಅವರ ಮನೆಯಲ್ಲೂ ಮದುವೆ. ಅವರೂ ಗಂಡಿನ ದಿಬ್ಬಣ ಕಾಯುತ್ತಿದ್ದರು. ಡ್ರಮ್ಮಿನ ಸದ್ದಿಗೆ ಹೆಂಗಸರು ಆರತಿ ಹಿಡಿದು ಬಂದಿದ್ದರು. ಲಿಂಗಯ್ಯನವರು ಹೂವಿನ ಸರ ಸರಿಸಿ ಪುಟ್ಟರಾಜುವಿನ ಮುಖ ನೋಡಿದರು. ಅವನು ಬೇರೆಯವರ ಅಳಿಯನೆಂದು ತಿಳಿದು, ನನ್ನ ಮುಖ ನೋಡಿದರು. ಪುಟ್ಟರಾಜುವಿಗೂ ಅನುಮಾನ ಬಂದಿತ್ತಂತೆ. ಮದುಮಗ ಮಾತಾಡಬಾರದೆಂದು ಪಾನಕ ಕುಡಿಯುತ್ತ ಕೂತಿದ್ದನಂತೆ.

ಅಂಕಮ್ಮ ಏದುಸಿರು ಬಿಡುತ್ತ ಪಕ್ಕಕ್ಕೆ ಬಂದು ನಿಂತಳು. ಬೈಯಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ನೋಡಿ, ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಇನ್ನು ಅಪ್ಪನ ಎದುರಿಗೆ ನನ್ನ ಪರವಾಗಿ ಹೇಳಲು ಅವಳಿಗೆ ಏನು ಉಳಿದಿತ್ತು?

ಅಷ್ಟರಲ್ಲಿ ಮಾವನವರು ಬಂದರು. ಚಪ್ಪರದ ಹೊರಗೇ ನಿಂತರು. ಆ ಹೊಸಲು ತುಳಿಯುವುದಿಲ್ಲವೆಂದು ಆಣೆ ಇಟ್ಟಿದ್ದರು. ಒಳಗೆ ಅಳಿಯ, ಹೊರಗೆ ಮಾವ, ನೆತ್ತಿಯ ಮೇಲೆ ಮುಹೂರ್ತ! ಕೊನೆಗೆ ಲಿಂಗಯ್ಯನವರೇ ಪಾನಕದ ಲೋಟ ಹಿಡಿದು ಬಾಗಿಲಿಗೆ ನಡೆದರು.

“ನಿನ್ನಳಿಯನ ಕಾಲ ನಮ್ಮನೇವ್ರು ತೊಳ್ದವ್ರೆ, ಸಿದ್ದಯ್ಯ. ಇನ್ನೆಂತಾ ಅಗೆತನ? ಒಳೀಕ್ ಬಂದು ಇದ ಕುಡ್ದು, ಮದುಮಗನ್ನ ಕರ್ಕಂಡೋಗು.”

ಮಾವನವರು ಲೋಟ ನೋಡಿದರು, ಬಿಸಿಲು ನೋಡಿದರು, ಒಳಗೆ ಬಂದರು. ಗಟಗಟ ಕುಡಿದರು. ಊರಿನ ಪಂಚಾಯಿತಿ, ಅಮಲ್ದಾರರು, ಬೀಗರು ಯಾರೂ ಬಿಡಿಸಲಾರದ ಗಂಟನ್ನು ನನ್ನ ಡ್ರಮ್ಮು ಒಂದು ತಿರುವಿನಲ್ಲಿ ಬಿಚ್ಚಿತ್ತು! ಎರಡು ಚಪ್ಪರದಲ್ಲೂ ಧಾರೆ ಹೊತ್ತಿಗೆ ಸರಿಯಾಗಿ ನಡೆಯಿತು. ಲಿಂಗಯ್ಯನವರ ದಿಬ್ಬಣವನ್ನೂ ನಾವೇ ಬಾರಿಸಿ ಕರೆತಂದೆವು. ಸಾಹೇಬರು ಮುಂದೆ, ನಾನು ಹಿಂದೆ.

ಊಟದ ಪಂಕ್ತಿಯಲ್ಲಿ ಮಾವನವರು ನನ್ನ ಪಕ್ಕದ ಎಲೆಗೆ ಬಂದು ಕೂತರು. ಹೊಸ ಬೀಗರಿಗೆ ನನ್ನನ್ನು ತೋರಿಸಿ, “ಇವ್ರು ನಮ್ಮ ಇರೀ ಅಳಿಯಂದ್ರು. ಡ್ರಮ್ಮು ಬಾರಿಸ್ತರೆ” ಎಂದರು. ಮದ್ದೂರಿನ ಹೆಸರೇ ಎತ್ತಲಿಲ್ಲ! ಬಡಿಸುತ್ತಿದ್ದ ಅಂಕಮ್ಮ ನಿಂತಲ್ಲೇ ನಿಂತು, ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ಅಂಥ ಹೆಮ್ಮೆಯ ಊಟವನ್ನು ನಾನು ಜನ್ಮದಲ್ಲಿ ಉಂಡಿರಲಿಲ್ಲ.

“ಕಿರೀ ಮಗಳ ಮದ್ವೇಲೂ ನೀವೇ ಬಾರಿಸ್ಬೇಕು, ಅಳಿಮಯ್ಯ. ನೀವೇ ಮುಂದೆ ಇರ್ಬೇಕು” ಎಂದರು ಮಾವನವರು.

ನನ್ನ ಎದೆ ಡ್ರಮ್ಮಿನಷ್ಟಾಯಿತು. ಅವರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು, ನಿಧಾನವಾಗಿ ಮಾತು ಮುಗಿಸಿದರು.

“ಡ್ರಮ್ಮ ಗಾಡಿ ಮ್ಯಾಲೆ ಕಟ್ಬುಡನ, ನೀವು ಅದ್ರಲ್ಲೇ ಕುಂತ್ಕಂಡು ಬಾರಿಸಿ. ನಮ್ಮೆತ್ತಿಗೆ ಮನೆ ದಾರಿ ಗೊತ್ತದೆ.”