ನಾಲ್ಕು ಜೊತೆ ಕಾಲು

ಮಗಳ ಕಾಲ್ಬೆರಳ ಸಂದಿಯಲ್ಲಿ ಚೂರು ಚರ್ಮ ಸುಲಿದಿತ್ತು. ಅಷ್ಟಕ್ಕೇ ಈಜು ಮೇಷ್ಟ್ರು ಅವಳನ್ನು ಕೊಳದ ಗೇಟಿನಿಂದಲೇ ವಾಪಸ್ ಕಳಿಸಿದ್ದರು. ಮಧ್ಯಾಹ್ನ ಮೂರಕ್ಕೆ ರಿಲೇ ಫೈನಲ್. ಆರು ತಿಂಗಳು ಬೆಳಗಿನ ಚಳಿಯಲ್ಲಿ ಹಲ್ಲು ಕಟಕಟಿಸುತ್ತ ಈಜಿದ ಹುಡುಗಿ ಈಗ ಮನೆಯ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ಕೈಯಲ್ಲಿ ಮೇಷ್ಟ್ರು ಕೊಟ್ಟ ಚೀಟಿ: "ಫಂಗಸ್. ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಮನೆಯಲ್ಲಿ ಸ್ವಚ್ಛತೆ ಕಾಪಾಡಿ."

ಕೊನೆಯ ಸಾಲು ಓದಿ ಅಪ್ಪನ ಮೈಯೆಲ್ಲ ಉರಿದುಹೋಯಿತು. ಶೂ ಅಂಗಡಿಯಲ್ಲಿ ಇಪ್ಪತ್ತು ವರ್ಷ ಮಂಡಿಯೂರಿ ಊರವರ ಕಾಲು ಹಿಡಿದವನಿಗೇ ಕಾಲಿನ ಪಾಠವೇ! ಇದಕ್ಕೇನನ್ನಬೇಕು?

"ನಾನಂದ್ಕೊಂಡಿದ್ದೇ," ಎಂದು ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿದರು. "ನಿಮ್ಮ ಬಾತ್‌ರೂಮ್ ಯಾವಾಗ್ಲೂ ಒದ್ದೆ."

"ನಮ್ಮ ಬಾತ್‌ರೂಮು ನೀವ್ಯಾವಾಗ ನೋಡಿದ್ರಿ?" ಎಂದವನೇ ಮಗಳನ್ನು ದರದರ ಎಳೆದುಕೊಂಡು ಹೊರಟ. "ಜಗಳ ಆಡ್ಬೇಡಪ್ಪಾ" ಎಂದು ಮಗಳು ಅಂದದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಮೇಷ್ಟ್ರು ಕೊಳಕ್ಕೆ ಹಗ್ಗ ಕಟ್ಟಿಸುತ್ತಿದ್ದರು. "ಮುಲಾಮು ಹಚ್ಚಿ ಸಾರ್, ಮೂರು ನಾಲ್ಕು ವಾರದಲ್ಲಿ ಹೋಗತ್ತೆ. ಇವತ್ತು ಅವಳ ಜಾಗಕ್ಕೆ ಬೇರೆ ಹುಡುಗಿ ಇದಾಳೆ."

"ನಮ್ಮನೇಲಿ ಯಾರಿಗೂ ಇಲ್ಲ ಕಣ್ರೀ!" ಅವನು ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದ. "ಇಲ್ಲೇ ಯಾರೋ ಅಂಟಿಸಿದಾರೆ. ಎಲ್ಲಾರ ಕಾಲೂ ನೋಡಿ. ಎಲ್ಲಿಂದ ಬಂತು ಅಂತ ಇವತ್ತೇ ಗೊತ್ತಾಗ್ಲಿ!"

"ನಮ್ಮ ಮಕ್ಕಳ ಮೇಲೆ ಹಾಕ್ತೀರಾ?" ಎಂದು ಉಳಿದ ಹುಡುಗಿಯರ ತಾಯಂದಿರೂ ಮೈಮೇಲೆ ಬಂದರು. ಗಲಾಟೆಗೆ ತಲೆಕೆಟ್ಟ ಮೇಷ್ಟ್ರು ಶಾಲೆಯ ನರ್ಸನ್ನು ಕರೆಸಿದರು. ಹುಡುಗಿಯರೆಲ್ಲ ಬೆಂಚಿನ ಮೇಲೆ ಕಾಲು ಚಾಚಿ ಕೂತರು. ನರ್ಸ್ ಟಾರ್ಚ್ ಹಿಡಿದು ಒಂದೊಂದೇ ಬೆರಳು ಬಿಡಿಸಿ ನೋಡಿದರು. ತಂಡದ ಉಳಿದ ಮೂವರಿಗೂ ಫಂಗಸ್. ಬದಲಿ ಹುಡುಗಿಗೂ!

"ನೋಡಿದ್ರಾ?" ಅವನು ಗೆದ್ದವನಂತೆ ತೊಡೆ ತಟ್ಟಿದ.

"ಏನ್ರಮ್ಮಾ," ಎಂದರು ನರ್ಸ್, "ಒಬ್ಬರ ಟವೆಲ್ಲು, ಚಪ್ಪಲಿ ಇನ್ನೊಬ್ಬರು ಬಳಸ್ತೀರಾ?"

"ಇಲ್ಲ ಮಿಸ್," ಎಂದಳು ಬದಲಿ ಹುಡುಗಿ. "ಸಾಕ್ಸ್ ಮಾತ್ರ. ಈ ಅಂಕಲ್ ಅಂಗಡೀಲಿ ಶೂ ಹಾಕಿ ನೋಡೋಕೆ ಕೊಡ್ತಾರಲ್ಲಾ, ಅದು. ಗಬ್ಬು ನಾತ!"

"ನಂಗೂ ಅದನ್ನೇ ಹಾಕಿದ್ರು," ಎಂದರು ಉಳಿದವರು ಒಕ್ಕೊರಲಿನಿಂದ.

ತಾಯಂದಿರ ಕಣ್ಣೆಲ್ಲ ಅವನ ಕಡೆ ತಿರುಗಿದವು.

"ಅದು... ಮಾಲೀಕರು ಎಲ್ಲಾರಿಗೂ ಸೇರಿ ಒಂದೇ ಜೊತೆ ಇಟ್ಟಿರೋದು," ಎಂದು ಅವನು ತೊದಲಿದ.

ಮೇಷ್ಟ್ರು ಹೋಗಿ ಬೋರ್ಡಿನಿಂದ ತಂಡದ ಹೆಸರನ್ನೇ ಒರೆಸಿದರು.

ಮಗಳು ಅವನ ಕೈ ಕೊಡವಿಕೊಂಡಳು. "ನೀನು ಸುಮ್ನೆ ಇದ್ದಿದ್ರೆ ಅವರಾದ್ರೂ ಈಜ್ತಿದ್ರಲ್ಲಪ್ಪಾ!"