ದೊಡ್ಡಮ್ಮನ ತೆಂಗಿನಕಾಯಿ ಮತ್ತು ಕೂಸಿನ ಮುಖ

ನಮ್ಮ ದೊಡ್ಡಮ್ಮನ ಬೆರಳುಗಳಿಗೆ ಕಣ್ಣಿತ್ತು. ನಾನಲ್ಲ, ಅವಳೇ ಹೇಳುತ್ತಿದ್ದದ್ದು! ಆ ಕಣ್ಣಿಗೆ ಆಗಾಗ ಮಂಜು ಕವಿಯುತ್ತದೆ ಎಂದು ನಾವು ಹೇಳುತ್ತಿದ್ದೆವು, ಅದೂ ಅವಳ ಬೆನ್ನ ಹಿಂದೆ.

ಬೇತಮಂಗಲದ ಸುತ್ತಿನ ಹಳ್ಳಿಗಳಿಗೆಲ್ಲ ಅವಳೇ ಸೂಲಗಿತ್ತಿ. ನೋವು ಶುರುವಾದವಳ ಬಳಿ ಕೂತು, ಕೈಗೆ ಹರಳೆಣ್ಣೆ ಸವರಿ, ಕಣ್ಣು ಮುಚ್ಚಿ ಕೂಸಿನ ತಲೆ ಹುಡುಕುವಳು. ಅಲ್ಲಿಯವರೆಗೆ ಯಾರೂ ಮಾತಾಡಕೂಡದು. ಕೆರೆಯ ತಣ್ಣನೆ ಗಾಳಿಗೆ ಕೂತ ಹೆಂಗಸರೆಲ್ಲ ತೂಕಡಿಸುವರು. ಆಮೇಲೆ ಬೆರಳಿಗೆ ಸಿಕ್ಕಂತೆ ಮೊರದಲ್ಲಿ ಒಂದು ತೆಂಗಿನಕಾಯಿ ಇಟ್ಟು ತೀರ್ಪು ಕೊಡುವಳು. ಕಾಯಿಯ ಕಣ್ಣು ನೆಲ ನೋಡಿದರೆ ಕೂಸಿನ ಮುಖ ತಾಯಿಯ ಬೆನ್ನಿಗೆ, ಸುಲಭದ ಹೆರಿಗೆ. ಸೂರು ನೋಡಿದರೆ ಹೊಟ್ಟೆಯ ಕಡೆಗೆ, ಕಷ್ಟದ್ದು. ಎರಡನ್ನೂ ಅವಳೇ ಹೆರಿಸುವಳು.

ಕಾಯಿ ನೆಲ ನೋಡುತ್ತಿರುವಾಗಲೇ ಕೂಸು ಸೂರು ನೋಡುತ್ತಾ ಬಂದದ್ದು ಎಷ್ಟು ಸಲವೋ! ಒಮ್ಮೆ ಬಾಣಂತಿಯ ಅತ್ತೆ ಕೇಳಿಯೇಬಿಟ್ಟಳು.

"ಏನಕ್ಕಾ, ನಿನ್ ಕಾಯಿ ಒಂದು ಯೋಳ್ತು, ಕೂಸು ಇನ್ನೊಂದು ಮಾಡ್ತಲ್ಲ?"

"ನಾ ಮುಟ್ಟಿದಾಗ ಸರ್ಯಾಗೇ ಇತ್ತು. ಆಮೇಲೆ ತಿರುಕ್ಕೊಂಡ್ರೆ ನಾನೇನ್ ಮಾಡ್ಲಿ? ನಿಮ್ಮನೆ ಕೂಸು, ಯೋಳಿದ ಮಾತು ಕೇಳ್ತದಾ?"

ಬಾಯಲ್ಲಿ ಹೀಗೆ ಜೋರು. ಆದರೂ ಬಿಡುವಿದ್ದಾಗ ಸೆರಗಿನಡಿ ಕುಂಬಳಕಾಯಿ ಇಟ್ಟುಕೊಂಡು, ಕೈ ಪಳಗಲೆಂದು ಕಣ್ಣು ಮುಚ್ಚಿ ತೊಟ್ಟು ಹುಡುಕುತ್ತಾ ಕೂರುವಳು. ಈ ವಯಸ್ಸಿನಲ್ಲಿ ಬಸುರಿಯೇ ಎಂದು ಹೊಸಬರು ಗಾಬರಿಯಾಗುತ್ತಿದ್ದರು!

ನನ್ನ ಚೊಚ್ಚಲ ಹೆರಿಗೆಗೂ ಅವಳೇ ಬಂದಳು. ಮಧ್ಯಾಹ್ನದವರೆಗೆ ಬೇನೆ ತಿಂದು ನಾನು ಅರೆ ಎಚ್ಚರದಲ್ಲಿದ್ದೆ. ಅವಳು ಕೈಯಿಟ್ಟು ನೋಡಿದಳು, ಮತ್ತೆ ನೋಡಿದಳು. ಕಾಯಿಯನ್ನು ಮುಟ್ಟಲೇ ಇಲ್ಲ.

"ನಂಗೆ ತಿಳೀತಿಲ್ಲ. ಗಾಡಿ ಕಟ್ರಿ, ಗಣಿ ಆಸ್ಪತ್ರೆಗೆ ಓಗಾನ."

ಆ ಮಾತು ಅವಳ ಬಾಯಿಂದ! ಹೆಂಗಸರು ಮುಖ ಮುಖ ನೋಡಿಕೊಂಡರು.

ಗಾಡಿಯಲ್ಲಿ ಅವಳ ತೊಡೆಯ ಮೇಲೆ ನನ್ನ ತಲೆ. ಕೆರೆಯ ನೀರು ಆಕಾಶದಲ್ಲೇ ತೇಲುವಂತಿತ್ತು. ದೂರದಲ್ಲಿ ಚಿನ್ನದ ಗಣಿಯ ಬಾವಿಗಳ ಮೇಲಿನ ದೊಡ್ಡ ಗಾಲಿಗಳು ಮೆಲ್ಲಗೆ ತಿರುಗುತ್ತಿದ್ದವು. ಸಾಯುತ್ತೇನೇನೋ ಅನಿಸಿತು, ಆದರೆ ಭಯವಾಗಲಿಲ್ಲ. ಅವಳು ಮಾತ್ರ ನನ್ನ ಹೊಟ್ಟೆಯ ಮೇಲಿಂದ ಕೈ ತೆಗೆಯದೆ, ಬೇಗ ಹೊಡಿ ಎಂದು ಗಾಡಿಯವನನ್ನು ಅವಸರಪಡಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈಯಿಂದಲೇ ಪರೀಕ್ಷಿಸಿ, "ಮುಖ ಮೇಲಕ್ಕಿದೆ, ಇಕ್ಕಳ ಹಾಕಿ ತಲೆ ಹಿಡಿದು ಎಳೆಯಬೇಕು. ಸಮಯಕ್ಕೆ ಕರೆತಂದಿರಿ," ಎಂದರು. ಸಂಜೆಗೆ ಮಗಳು ಹುಟ್ಟಿದಳು.

"ನನ್ ಕೈಗೂ ಅಂಗೇ ಸಿಕ್ಕಿತ್ತು ಕಣೇ," ಎಂದಳು ದೊಡ್ಡಮ್ಮ.

"ಮತ್ತೆ ತಿಳೀತಿಲ್ಲ ಅಂದ್ಯಲ್ಲ ದೊಡ್ಡಮ್ಮಾ?"

ಅವಳು ನನ್ನ ಕೂದಲು ಸರಿಮಾಡಿದಳು.

"ಎಷ್ಟು ಸಲ ತಪ್ಪೇಳಿದೀನಿ ಅಂತ ನಂಗೊತ್ತಿಲ್ವಾ ಮಗಾ? ಈ ಕೈನ ನಂಬ್ಕೊಂಡು ಕೂತು ಇವತ್ತೂ ತಪ್ಪಿದ್ರೆ ನಂಗೆ ನೀನೆಲ್ಲಿ ಸಿಗ್ತಿದ್ದೆ?"