ಅಕ್ಕಿ ಹಳದಿಯಾದ ಪ್ರಸಂಗ

ಬಾಯಿಹುಣ್ಣಿಗೆಲ್ಲ ಡಾಕ್ಟರ ಹತ್ತಿರ ಓಡುವವನು ನಾನಲ್ಲ. ವಿಜಯನಗರದ ನಮ್ಮ ಬೀದಿಯ ಮೆಡಿಕಲ್ ಶಾಪಿನಿಂದ ಬಿ-ಕಾಂಪ್ಲೆಕ್ಸ್ ಮಾತ್ರೆ ತಂದೆ. ದಿನಕ್ಕೊಂದು ಎಂದರು. ಬೇಗ ವಾಸಿಯಾಗಲೆಂದು ಮೂರು ನುಂಗಿದೆ. ಭಾನುವಾರ ಕೆಂಗೇರಿಯಲ್ಲಿ ಅಕ್ಕನ ಹೊಸಮನೆ ಗೃಹಪ್ರವೇಶ. ಒಬ್ಬಟ್ಟಿಗೆ ಬಾಯಿ ಸಿದ್ಧವಿರಬೇಕಲ್ಲ!

ಮರುದಿನ ಬೆಳಿಗ್ಗೆ ನೋಡಿದರೆ ಮೂತ್ರ ಅಚ್ಚ ಹಳದಿ. ಜಾಂಡೀಸ್! ಆದರೂ ಇಪ್ಪತ್ತು ವರ್ಷ ಗುಮಾಸ್ತನಾಗಿದ್ದವನು ಪುರಾವೆಯಿಲ್ಲದೆ ಏನನ್ನೂ ಒಪ್ಪುವುದಿಲ್ಲ. ಅಜ್ಜಿ ಮಾಡುತ್ತಿದ್ದ ಪರೀಕ್ಷೆ ನೆನಪಾಯಿತು. ಮೂತ್ರದಲ್ಲಿ ಅಕ್ಕಿ ನೆನೆಹಾಕಬೇಕು, ಅದು ಹಳದಿಯಾದರೆ ಕಾಮಾಲೆ. ಸದರಿ ಪರೀಕ್ಷೆಯನ್ನು ಗಾಜಿನ ಬಟ್ಟಲಿನಲ್ಲಿ ಯಥಾವಿಧಿ ನೆರವೇರಿಸಲಾಯಿತು. ಅಕ್ಕಿ ಹಳದಿಯಾಯಿತು!

ಅಕ್ಕನಿಗೆ ಫೋನ್ ಮಾಡಿ ಗೊಳೋ ಎಂದು ಅತ್ತೆ. ಅಷ್ಟರಲ್ಲಿ ನನ್ನ ಹೆಂಡತಿ ಸುಮಾ ಬಂದಳು.

"ರೀ, ಗೃಹಪ್ರವೇಶಕ್ಕೆ ಇವತ್ತೇ ಅಕ್ಷತೆ ಕಲಸಿಟ್ರಾ?" ಎಂದು ಬಟ್ಟಲಿಗೆ ಕೈಹಾಕಿದಳು.

"ಮುಟ್ಟಬೇಡ ಕಣೇ!" ಎಂದು ಚೀರಿದೆ. ವಿಷಯ ತಿಳಿದು ಅವಳೂ ಚೀರಿದಳು.

ಅಂದಿನಿಂದ ಉಪ್ಪು, ಎಣ್ಣೆ, ತುಪ್ಪ ಬಿಟ್ಟೆ. ಮಾತ್ರೆ ಬಿಡಲಿಲ್ಲ. ಕಾಯಿಲೆ ಮನುಷ್ಯನಿಗೆ ಶಕ್ತಿ ಬೇಡವೇ? ಹಳದಿ ಇಳಿಯಲಿಲ್ಲ. ಹೆದರಿಕೆಯಿಂದ ನಾನೇ ಇಳಿದುಹೋದೆ. ಕೊನೆಗೆ ಸುಮಾ ಡಾಕ್ಟರಮ್ಮನ ಬಳಿ ಎಳೆದೊಯ್ದಳು. ಅವರು ಕಣ್ಣು ನೋಡಿ, ರಕ್ತಪರೀಕ್ಷೆ ಮಾಡಿಸಿ, "ಯಾವುದಾದ್ರೂ ಮಾತ್ರೆ ತಗೋತಿದೀರಾ?" ಎಂದರು.

"ಇಲ್ಲ ಮೇಡಂ. ಬರೀ ಬಿ-ಕಾಂಪ್ಲೆಕ್ಸು, ದಿನಕ್ಕೆ ಮೂರು."

ಅವರು ನಕ್ಕೇಬಿಟ್ಟರು. "ಬಿ-ಟು ವಿಟಮಿನ್ ಬಣ್ಣಾನೇ ಹಳದಿ ಸಾರ್. ಮೈ ತನಗೆ ಬೇಕಾದಷ್ಟು ಬಳಸ್ಕೊಳುತ್ತೆ, ಮಿಕ್ಕಿದ್ದನ್ನ ಕಿಡ್ನಿ ಆಚೆ ಕಳ್ಸುತ್ತೆ. ರಿಪೋರ್ಟೆಲ್ಲ ಸರಿ ಇದೆ. ಒಬ್ಬಟ್ಟು ತಿನ್ನಿ, ಹೋಗಿ!"

ಹೋದ ಜೀವ ಬಂದಂತಾಯಿತು. ಸುಮಾ ನಗುನಗುತ್ತಲೇ ಕಣ್ಣೊರೆಸಿಕೊಂಡಳು. ಆ ಸಂಭ್ರಮದಲ್ಲಿ ಅಕ್ಕನಿಗೆ ತಿಳಿಸುವುದನ್ನೇ ಮರೆತೆ.

ಭಾನುವಾರ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಕೂತೆ. ಒಬ್ಬಟ್ಟು ನನ್ನ ಎಲೆ ದಾಟಿ ಮುಂದಕ್ಕೆ ಹೋಯಿತು. ಅಕ್ಕ ಲೋಟದ ತುಂಬ ಉಪ್ಪಿಲ್ಲದ ಗಂಜಿ ತಂದಿಟ್ಟಳು.

"ಅಕ್ಕಾ, ನಂಗೆ ಜಾಂಡೀಸ್ ಇಲ್ವೇ ಇಲ್ಲ!"

"ಒಬ್ಬಟ್ಟಿನ ಆಸೆಗೆ ಸುಳ್ಳು ಹೇಳ್ಬೇಡ ಕಣೋ. ಅಕ್ಕಿ ಹಳದಿ ಆಯ್ತು ಅಂತ ನೀನೇ ಅಳ್ತಾ ಹೇಳಿದ್ಯಲ್ಲ?"

ನಿಜ ವಿವರಿಸಬೇಕೆಂದರೆ ನೂರು ಜನ ಉಣ್ಣುವ ಪಂಕ್ತಿಯಲ್ಲಿ ನನ್ನ ಮೂತ್ರದ ವೃತ್ತಾಂತ ಬಿಚ್ಚಬೇಕು. ಪಕ್ಕದವರ ಎಲೆಗೆ ಆಗಷ್ಟೇ ಚಿತ್ರಾನ್ನ ಬಿದ್ದಿತ್ತು! ಎದುರು ಸಾಲಿನಲ್ಲಿ ಸುಮಾ ಸೆರಗಿನಿಂದ ನಗು ಮುಚ್ಚಿಕೊಂಡು, ಒಬ್ಬಟ್ಟಿಗೆ ತುಪ್ಪ ಬಡಿಸಿಕೊಳ್ಳುತ್ತಿದ್ದಳು.

ಗಂಜಿ ಕುಡಿದೆ. ಬದುಕಿದೆನಲ್ಲ ಎಂಬ ನೆಮ್ಮದಿಗೋ ಏನೋ, ರುಚಿಯಾಗಿಯೇ ಇತ್ತು. ಇನ್ನೊಂದು ಲೋಟ ಕೇಳಿದೆ.

"ಪಾಪ, ಎಷ್ಟು ಸೊರಗಿದಾನೆ ನೋಡಿ!" ಎಂದು ಅಕ್ಕ ಇಡೀ ಪಂಕ್ತಿಗೆ ತೋರಿಸಿದಳು.